ಸೆಲ್ ಸತ್ತಿಲ್ಲ, ಮರಗಟ್ಟಿದೆ

ಚಳಿಗಾಲ ಶುರುವಾಯಿತೆಂದರೆ ನಮ್ಮ ಲೈನ್‌ಮನ್‌ಗಳ ಕೋಣೆಯಲ್ಲಿ ಎಲ್ಲರದೂ ಒಂದೇ ರಾಗ. "ನಿನ್ನೆ ತಾನೇ ಹೊಸ ಸೆಲ್ ಹಾಕಿದ್ದೆ ಮಾರಾಯ, ಒಂದು ಕಂಬ ಮುಗಿಸೋದ್ರೊಳಗೆ ಕೈ ಕೊಡ್ತು." ಇಷ್ಟು ಹೇಳಿ ಅಂಗಡಿಯವನಿಗೆ ನಾಲ್ಕು ಬೈಗುಳ ಬೈದರೆ ಸಮಾಧಾನ. ಬೈಯುವುದರಲ್ಲಿ ನಾನು ಎಲ್ಲರಿಗಿಂತ ಒಂದು ಕೈ ಮೇಲು.

ನಾನು ಕರೆಂಟ್ ಕಂಬ ಹತ್ತುವವನು. ಹತ್ತೊಂಬತ್ತು ವರ್ಷದ ಸರ್ವಿಸ್ಸು. ನಮ್ಮ ಕಡೆ ಚಳಿಗಾಲದಲ್ಲಿ ಅಂಗಳದ ಬಕೆಟ್ಟಿನ ನೀರು ಬೆಳಗಾಗುವಷ್ಟರಲ್ಲಿ ಕಲ್ಲಾಗಿರುತ್ತದೆ. ಬೆಳಗಿನ ಪಾಳಿಯೆಂದರೆ ಮೊದಲ ಎರಡು ಗಂಟೆ ಕತ್ತಲಲ್ಲೇ ಕೆಲಸ. ಎರಡು ಕೈಗೂ ಕೆಲಸ ಇರುವುದರಿಂದ ಬೆಳಕು ಹಣೆಯ ಮೇಲೆಯೇ ಇರಬೇಕು. ತಲೆಗೆ ಕಟ್ಟುವ ಹೆಡ್ ಟಾರ್ಚ್ ಇಲ್ಲದೆ ನಮ್ಮ ಕೆಲಸ ಒಂದು ಹೆಜ್ಜೆಯೂ ನಡೆಯುವುದಿಲ್ಲ.

ಆ ಟಾರ್ಚು, ಅದರ ಎಕ್ಸ್‌ಟ್ರಾ ಸೆಲ್ಲು ಎಲ್ಲ ನನ್ನ ಕೆಲಸದ ಚೀಲದಲ್ಲಿರುತ್ತಿದ್ದವು. ಚೀಲ ಇರುತ್ತಿದ್ದದ್ದು ಜಗಲಿಯ ಮೊಳೆಗೆ. ಅದು ನನ್ನ ಹೆಂಡತಿ ಮಾಡಿದ ಕಾನೂನು. ಒಂದು ಸಲ ಗ್ರೀಸ್ ಮೆತ್ತಿದ ಆ ಚೀಲವನ್ನು ಹೊಸ ಚಾದರದ ಮೇಲೆ ಇಟ್ಟಿದ್ದೆ. ಕಲೆಯೂ ಹೋಗಲಿಲ್ಲ, ಆ ಮಾತೂ ನಿಲ್ಲಲಿಲ್ಲ. ಅಂದಿನಿಂದ ಚೀಲ ಹೊಸ್ತಿಲು ದಾಟಿದ್ದಿಲ್ಲ. ರಾತ್ರಿಯಿಡೀ ಹಿಮಗಾಳಿಯಲ್ಲಿ ತೂಗಾಡುತ್ತಿತ್ತು. ಅದರಲ್ಲಿ ತಪ್ಪೇನಿದೆ ಎಂದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ.

ಒಂದು ದಿನ ಸಿಟ್ಟು ನೆತ್ತಿಗೇರಿ, ಕೈಕೊಟ್ಟ ಸೆಲ್ಲುಗಳನ್ನು ಪ್ಯಾಂಟಿನ ಜೇಬಿಗೆ ತುರುಕಿಕೊಂಡು ಅಂಗಡಿಗೆ ಹೋದೆ.

"ಏನಪ್ಪಾ, ಹಳೇ ಮಾಲು ತಂದು ನಮ್ಮ ತಲೆಗೆ ಕಟ್ತೀಯಾ?"

ಅಂಗಡಿಯವನು ಬೈಸಿಕೊಂಡೇ ಒಂದೊಂದು ಸೆಲ್ಲನ್ನೂ ಪರೀಕ್ಷೆಯ ಮೀಟರಿಗಿಟ್ಟ. ಮುಳ್ಳು ನಾಲ್ಕು ಸಲವೂ ಹಸಿರು ಗೆರೆಗೇ ಹೋಗಿ ನಿಂತಿತು.

"ಅಣ್ಣಾ, ಇವು ಗಟ್ಟಿಮುಟ್ಟಾಗಿವೆಯಲ್ಲ! ನೀವೇ ನೋಡಿ."

"ನಿನ್ನ ಮೀಟರೂ ಕಳ್ಳ ಮೀಟರೇ" ಎಂದು ಹೇಳಿ ಬಂದೆ. ಬಂದವನು ಆ ನಾಲ್ಕೂ ಸೆಲ್ಲನ್ನು ಕಸದ ಬುಟ್ಟಿಗೆ ಎಸೆದೆ. ನನ್ನ ಬುದ್ಧಿ ಆಗ ಅಷ್ಟೇ ಓಡುತ್ತಿತ್ತು.

ಇದನ್ನೆಲ್ಲ ನೋಡಿ ನಗುತ್ತಿದ್ದವರು ನಮ್ಮ ಗ್ಯಾಂಗಿನ ಅಕ್ಕ. ಜೀಪು ಓಡಿಸುವವರೂ ಅವರೇ, ಕಂಬದ ಕೆಳಗೆ ನಿಂತು ಹಗ್ಗ ಹಿಡಿಯುವವರೂ ಅವರೇ. ನಮಗಿಂತ ಮೇಲಿನ ಬೆಟ್ಟದ ಊರಲ್ಲಿ ಹನ್ನೆರಡು ವರ್ಷ ದುಡಿದು ವರ್ಗವಾಗಿ ಬಂದವರು. ಅವರದೊಂದು ವಿಚಿತ್ರ ಅಭ್ಯಾಸ. ಎಕ್ಸ್‌ಟ್ರಾ ಸೆಲ್ಲುಗಳನ್ನು ಹಳೆಯ ಉಣ್ಣೆ ಕಾಲುಚೀಲದಲ್ಲಿ ಸುತ್ತಿ, ಸ್ವೆಟರಿನ ಒಳಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದರು. ಇನ್ನೊಂದು ಪುಟ್ಟ ಹೆಡ್ ಟಾರ್ಚೂ ಅಲ್ಲೇ ಇರುತ್ತಿತ್ತು. ಅದಕ್ಕೇ ನಾನು ಅವರಿಗೆ ಕಾವು ಕೂತ ಕೋಳಿ ಎಂದು ಹೆಸರಿಟ್ಟಿದ್ದೆ. ಕೇಳಿಸಿಕೊಂಡರೂ ಬೇಜಾರು ಮಾಡಿಕೊಂಡವರಲ್ಲ.

"ತಮ್ಮಾ, ಸೆಲ್ಲಿಗೂ ಚಳಿ ಆಗುತ್ತೆ" ಅಂದರು ಒಮ್ಮೆ. "ನಿನ್ನ ಬೆರಳು ಮರಗಟ್ಟಿದಾಗ ಶರ್ಟಿನ ಗುಂಡಿ ಹಾಕೋಕೆ ಆಗುತ್ತಾ? ಬೆರಳು ಸತ್ತೋಯ್ತು ಅಂತ ಕತ್ತರಿಸಿ ಎಸೀತೀಯಾ? ಸೆಲ್ಲೂ ಹಾಗೇನೇ. ಒಳಗಿರೋ ಶಕ್ತಿ ಖಾಲಿ ಆಗಿರಲ್ಲ, ಚಳಿಗೆ ಹೊರಗೆ ಬರೋಕೆ ಆಗ್ತಿರಲ್ಲ. ಬೆಚ್ಚಗೆ ಮಾಡಿದ್ರೆ ಮತ್ತೆ ಏಳುತ್ತೆ."

"ಹಾಗಾದ್ರೆ ಅಂಗಡಿ ಮೀಟರಲ್ಲಿ..."

"ಅಷ್ಟು ದೂರ ಜೇಬಲ್ಲಿಟ್ಟುಕೊಂಡು ಹೋದ್ಯಲ್ಲ, ಬೆಚ್ಚಗಾದ್ವು. ಪಾಪ, ಆ ಅಂಗಡಿಯವನದೇನು ತಪ್ಪು?"

"ಅಕ್ಕಾ, ಕಬ್ಬಿಣದ ತುಂಡಿಗೆ ಚಳಿಯಂತೆ! ನಾಳೆ ಕಂಬಕ್ಕೂ ಕಂಬಳಿ ಹೊದಿಸಿ ಅಂತೀರಾ" ಎಂದು ನಕ್ಕೆ. ಕೋಣೆಯಲ್ಲಿದ್ದವರೂ ನಕ್ಕರು.

ಅದಾಗಿ ಹತ್ತು ದಿನ. ರಾತ್ರಿ ಬಿದ್ದ ಹಿಮದ ಭಾರಕ್ಕೆ ಕೊಂಬೆ ಮುರಿದು ಒಂದು ಲೈನು ಹರಿದಿತ್ತು. ನಾನೂ ಅಕ್ಕನೂ ಹೋದೆವು. ಕಂಬ ಇದ್ದದ್ದು ರಸ್ತೆಯಿಂದಾಚೆ, ಹಳ್ಳ ದಾಟಿ. ಜೀಪಿನ ದೀಪ ಅಲ್ಲಿಗೆ ತಲುಪುತ್ತಿರಲಿಲ್ಲ. ಸಪ್ಲೈ ತೆಗೆಸಿದ್ದೆವು, ತಂತಿಯನ್ನು ನೆಲಕ್ಕೆ ಜೋಡಿಸಿ ಅರ್ಥಿಂಗ್ ಮಾಡಿದ್ದೆವು. ಅಕ್ಕ "ಸೆಲ್ ಬೆಚ್ಚಗಿದೆಯಾ?" ಎಂದು ಕೇಳಿದರು. "ಬಿಸಿಬಿಸಿ ಇದೆ" ಎಂದು ಹಲ್ಲು ಕಿರಿದು ಹತ್ತಿದೆ.

ಮೇಲೆ ಅಡ್ಡಪಟ್ಟಿಗೆ ರಾಟೆ ಕಟ್ಟಿ ಸಾಮಾನು ಸೇದುವ ಹಗ್ಗ ಇಳಿಬಿಟ್ಟೆ. ಆಮೇಲೆ ಪಟ್ಟಿ ದಾಟಿ ಇನ್ನೂ ಮೇಲೆ ಹೋಗಬೇಕಿತ್ತು. ಹಾಗೆ ದಾಟುವಾಗ ಸೊಂಟದ ಬೆಲ್ಟಿನ ಹಗ್ಗವನ್ನು ಬಿಚ್ಚಿ, ಪಟ್ಟಿಯ ಮೇಲಿನಿಂದ ಸುತ್ತಿ, ಮತ್ತೆ ಬೆಲ್ಟಿನ ಬಳೆಗೆ ಕೊಂಡಿ ಹಾಕಬೇಕು. ಎರಡನೆಯ ಹಗ್ಗವನ್ನೂ ಕಟ್ಟಿರಬೇಕಿತ್ತು. ಅವಸರದಲ್ಲಿ ಕಟ್ಟಿರಲಿಲ್ಲ. ಅದು ಬೇರೆಯೇ ತಪ್ಪು, ಅದಕ್ಕೆ ಬೇರೆಯಾಗಿಯೇ ಬೈಸಿಕೊಂಡಿದ್ದೇನೆ.

ಬಿಚ್ಚಿದೆ, ಸುತ್ತಿದೆ, ಕೊಂಡಿ ಬಳೆಯ ಹತ್ತಿರ ತಂದೆ. ಟಾರ್ಚು ಕೆಂಪಗಾಗಿ, ಎರಡು ಸಲ ಮಿಣುಕಿ ಆರಿಹೋಯಿತು.

ಕೊಂಡಿ ಬಳೆಗೆ ಬಿತ್ತೋ ಇಲ್ಲವೋ ಗೊತ್ತಾಗಲಿಲ್ಲ. 'ಟಕ್' ಎಂದು ಕೇಳಿಸಿದ ಹಾಗಿತ್ತು. ಕೈಗವಸು ಹಾಕಿದ ಬೆರಳಿಗೆ ಏನೂ ತಿಳಿಯುತ್ತಿರಲಿಲ್ಲ. ಒಂದು ಕೈಯಲ್ಲಿ ಕಂಬ ತಬ್ಬಿ, ಇನ್ನೊಂದು ಕೈಯಲ್ಲಿ ಚೀಲದ ಎಕ್ಸ್‌ಟ್ರಾ ಸೆಲ್ ಹುಡುಕಿ, ಹಲ್ಲಿನಿಂದ ಟಾರ್ಚಿನ ಮುಚ್ಚಳ ಬಿಚ್ಚಿ ಹೇಗೋ ಬದಲಾಯಿಸಿದೆ. ಅವೂ ಇಡೀ ರಾತ್ರಿ ಜಗಲಿಯಲ್ಲಿ ಮಲಗಿದ್ದ ಸೆಲ್ಲುಗಳೇ. ಅರೆಕ್ಷಣ ಬೆಳಗಿ ಅವೂ ಆರಿದವು. ಅಕ್ಕ ಕೆಳಗಿನಿಂದ ತಮ್ಮ ಟಾರ್ಚಿನ ಬೆಳಕು ಬಿಟ್ಟರು. ಆದರೆ ನನ್ನ ಮೈಯ ನೆರಳೇ ಕೊಂಡಿಯ ಮೇಲೆ ಬಿದ್ದಿತ್ತು. ಅಷ್ಟು ಹೊತ್ತು ನಿಂತು ಕಾಲು ಸೋತಿತ್ತು. ಬೆಲ್ಟಿನ ಮೇಲೆ ಭಾರ ಬಿಟ್ಟು ಹಿಂದಕ್ಕೆ ಒರಗಿದರೆ ಕಾಲಿಗೆ ಸ್ವಲ್ಪ ಬಿಡುವು ಸಿಗುತ್ತದೆ ಎಂದುಕೊಂಡೆ. 'ಟಕ್' ಎಂದು ಕೇಳಿಸಿತ್ತಲ್ಲ.

"ಅಕ್ಕಾ, ಒರಗ್ತೀನಿ!"

"ಬೇಡ! ಕಣ್ಣಲ್ಲಿ ನೋಡದೆ ಒರಗಬೇಡ! ಕಂಬ ತಬ್ಬಿಕೋ, ಹಗ್ಗ ಬರ್ತಾ ಇದೆ!"

ಅಕ್ಕನ ಧ್ವನಿ ಅಷ್ಟು ಗಡುಸಾದದ್ದನ್ನು ನಾನು ಕೇಳಿರಲೇ ಇಲ್ಲ. ತಬ್ಬಿಕೊಂಡೆ. ರಾಟೆ ಕಿರುಗುಟ್ಟಿತು. ಕ್ಯಾನ್ವಾಸ್ ಬಕೆಟ್ಟು ಮೇಲೆ ಬಂತು. ಒಳಗೆ ಅವರ ಪುಟ್ಟ ಟಾರ್ಚು, ಒಳಜೇಬಿನಿಂದ ಆಗಷ್ಟೇ ತೆಗೆದದ್ದು. ಕೈಗವಸು ತೆಗೆದು ಮುಟ್ಟಿದರೆ ಇನ್ನೂ ಮೈಯ ಬಿಸಿ ಇತ್ತು. ಒತ್ತಿದೆ. ಬೆಳಕು ಬೆಳ್ಳಗೆ ಚೆಲ್ಲಿತು.

ಕೊಂಡಿ ಬಳೆಗೆ ಬಿದ್ದಿರಲಿಲ್ಲ. ಅದರ ನಾಲಗೆ ನನ್ನ ಕೋಟಿನ ಅಂಚನ್ನು ಕಚ್ಚಿ ಹಿಡಿದುಕೊಂಡಿತ್ತು. ಬಳೆ ಖಾಲಿ. ನಾನು ಒರಗಲು ಹೊರಟದ್ದು ಒಂದು ಬೆರಳಗಲದ ಬಟ್ಟೆಯ ಮೇಲೆ, ಕೆಳಗೆ ಮೂವತ್ತು ಅಡಿ.

ಕೊಂಡಿ ಸರಿಯಾಗಿ ಹಾಕಿ, ಕಣ್ಣಿಂದ ನೋಡಿ, ಎಳೆದು ನೋಡಿ, ಇಳಿದು ಬಂದೆ. ಬಂದವನು ಜೀಪಿನ ಬಾನೆಟ್ಟಿಗೆ ಒರಗಿ ಅತ್ತುಬಿಟ್ಟೆ. ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಅಕ್ಕ ಥರ್ಮಾಸಿನಿಂದ ಟೀ ಬಗ್ಗಿಸಿ ಕೊಟ್ಟರು. ನನ್ನ ಸೆಲ್ಲುಗಳನ್ನು ಇಸಿದುಕೊಂಡು ಕಂಕುಳಲ್ಲಿ ಇಟ್ಟುಕೊಂಡರು. ನಾನು ಟೀ ಕುಡಿದು ಮುಗಿಸುವಷ್ಟರಲ್ಲಿ, ಸುಮಾರು ಕಾಲು ಗಂಟೆಗೆ, ಟಾರ್ಚಿಗೆ ಹಾಕಿ ಒತ್ತಿದರು. ಉರಿಯಿತು. ಚೆನ್ನಾಗಿಯೇ ಉರಿಯಿತು.

"ನಾನು ಇಷ್ಟು ವರ್ಷ ಎಸೆದದ್ದೆಲ್ಲ ಜೀವ ಇದ್ದ ಸೆಲ್ಲೇನಾ ಅಕ್ಕಾ?"

"ಅದು ಹೋಗ್ಲಿ ಬಿಡು. ಇನ್ಮೇಲಾದ್ರೂ ಕೇಳು. ಟಾರ್ಚೂ ಸೆಲ್ಲೂ ಮನೆ ಒಳಗೆ ಮಲಗಲಿ. ಹೊರಗೆ ಬಂದ ಮೇಲೆ ಎಕ್ಸ್‌ಟ್ರಾ ಸೆಲ್ ಮೈಗೆ ಹತ್ತಿಕೊಂಡಿರಲಿ, ಆದ್ರೆ ಬೀಗದ ಕೈ, ಚಿಲ್ಲರೆ ಜೊತೆ ಬೇಡ. ಲೋಹ ತಾಗಿದ್ರೆ ಸೆಲ್ ಕಾದು ಸುಡುತ್ತೆ, ಅದಕ್ಕೇ ನನ್ನ ಕಾಲುಚೀಲ. ಹಳೇದು ಹೊಸದು ಬೆರೆಸಿ ಹಾಕಬೇಡ. ನಡೆಯೋವಾಗ ಸಣ್ಣ ಬೆಳಕು ಸಾಕು, ದೊಡ್ಡದು ಕಂಬದ ಮೇಲೆ ಮಾತ್ರ. ಬಿಡುವಲ್ಲಿ ಆರಿಸಿ ಕೋಟಿನೊಳಗೆ ಹಾಕ್ಕೋ. ಲಿಥಿಯಂ ಸೆಲ್ ಅಂತ ಸಿಗುತ್ತೆ, ದುಡ್ಡು ಜಾಸ್ತಿ, ಆದ್ರೆ ಚಳಿಗೆ ಅಷ್ಟು ಬೇಗ ಸೋಲಲ್ಲ. ನಿನ್ನ ಟಾರ್ಚಿಗೆ ಆಗುತ್ತಾ ಅಂತ ಅಂಗಡಿಯಲ್ಲಿ ಕೇಳಿ ತಗೋ. ಬೈದು ಬಂದಿದ್ದೀಯಲ್ಲ, ಅದೇ ಅಂಗಡಿಯಲ್ಲಿ."

"ನಮ್ಮ ತಮ್ಮನ ಹತ್ರ ಚಾರ್ಜ್ ಮಾಡೋ ಟಾರ್ಚಿದೆ. ಅದಕ್ಕೆ ಈ ಕಾಟ ಇಲ್ಲ ಅಲ್ವಾ?"

"ಅದಕ್ಕೂ ಚಳಿನೇ. ಮನೆಗೆ ಬಂದ ತಕ್ಷಣ, ಕೊರೆಯೋ ಟಾರ್ಚನ್ನ ಚಾರ್ಜಿಗೆ ಹಾಕಬಾರದು, ಬ್ಯಾಟರಿ ಹಾಳಾಗುತ್ತೆ. ಒಂದೆರಡು ಗಂಟೆ ಒಳಗಿಟ್ಟು, ಚಳಿ ಬಿಟ್ಟ ಮೇಲೆ ಹಾಕಬೇಕು. ಏನೇ ಇರಲಿ, ಎರಡನೇ ಟಾರ್ಚಿಲ್ಲದೆ ಕತ್ತಲಿಗೆ ಹೋಗಬೇಡ."

ಮನೆಗೆ ಬಂದು ಹೆಂಡತಿಗೆ ಹೇಳಬಾರದು ಎಂದುಕೊಂಡಿದ್ದೆ. ಹೊಟ್ಟೆಯಲ್ಲಿ ನಿಲ್ಲಲಿಲ್ಲ, ಎಲ್ಲ ಹೇಳಿಬಿಟ್ಟೆ. ಅವಳ ಮುಖ ಬಿಳಿಚಿಕೊಂಡಿತು.

"ಚೀಲ ಹೊರಗಿಡಿ ಅಂದವಳು ನಾನೇ ಅಲ್ವೇನ್ರೀ?"

"ನೀನು ಚೀಲ ಹೊರಗಿಡಿ ಅಂದೆ ಅಷ್ಟೇ. ಅಕ್ಕನ ಮಾತು ಕೇಳಬೇಡಿ ಅಂದ್ಯಾ? ಅದು ನನ್ನ ಸ್ವಂತ ಬುದ್ಧಿ."

ಅವಳು ಕಣ್ಣೊರೆಸಿಕೊಂಡು ಟಾರ್ಚನ್ನೂ ಒರೆಸಿದಳು. ತನ್ನ ಬಾಚಣಿಗೆ, ಹೇರ್‌ಪಿನ್ನು ಇಡುವ ಗೂಡನ್ನು ಖಾಲಿ ಮಾಡಿ ಟಾರ್ಚು, ಸೆಲ್ಲು ಅಲ್ಲಿಟ್ಟಳು. "ಒಲೆ ಪಕ್ಕ ಇಡ್ಲಾ? ಇನ್ನೂ ಬೆಚ್ಚಗಿರುತ್ತೆ" ಅಂದಳು. "ಬೇಡ ಬೇಡ. ಬೆಚ್ಚಗಿದ್ರೆ ಸಾಕು, ಬಿಸಿ ತಾಗಿದ್ರೆ ಸೆಲ್ ಒಡೆದುಹೋಗುತ್ತೆ" ಅಂದೆ. ಒಂದೇ ದಿನದಲ್ಲಿ ನಾನೂ ಮೇಷ್ಟ್ರಾಗಿದ್ದೆ. ಸಂಜೆ ಕೂತು ನನ್ನ ಉಣ್ಣೆ ಬನಿಯನ್ನಿಗೆ ಗುಂಡಿ ಹಾಕುವ ಒಳಜೇಬು ಹೊಲಿದಳು. ಗ್ರೀಸ್ ಚೀಲ ಮಾತ್ರ ಜಗಲಿಯಲ್ಲೇ ಇದೆ, ಆ ಕಾನೂನು ಸಡಿಲವಾಗಿಲ್ಲ.

ಮರುದಿನ ಅಕ್ಕನ ಮನೆಗೂ ಹೋಗಿಬಂದಳು. ಅಡುಗೆಮನೆಯಲ್ಲಿ ಅಕ್ಕನ ಎರಡೂ ಕೈ ಹಿಡಿದುಕೊಂಡು ನಿಂತುಬಿಟ್ಟಳಂತೆ. ಅಕ್ಕ, "ಕೈ ಬಿಡಮ್ಮ, ಹಾಲು ಉಕ್ಕುತ್ತೆ" ಅಂದರಂತೆ. ನಾನು ಅಂಗಡಿಗೆ ಹೋಗಿ ತಪ್ಪಾಯಿತು ಎಂದು ಹೇಳಿ ಬಂದೆ. ಕಸದ ಬುಟ್ಟಿಗೆ ಹೋದ ಸೆಲ್ಲುಗಳನ್ನು ಲೆಕ್ಕ ಹಾಕುವುದಿಲ್ಲ. ಉಳಿದ ನನ್ನ ಜೀವ ಅದಕ್ಕಿಂತ ದೊಡ್ಡದು. ಆ ಋಣವನ್ನು ತೀರಿಸುವ ದಾರಿ ತಿಳಿಯದೆ ಇದನ್ನು ನಿಮಗೆ ಹೇಳುತ್ತಿದ್ದೇನೆ.

ನೀವು ಹಾಲು ಹಾಕುವವರಿರಬಹುದು, ಪೇಪರ್ ಹಂಚುವವರಿರಬಹುದು, ಕಾವಲುಗಾರರಿರಬಹುದು, ಕುರಿ ಕಾಯುವವರಿರಬಹುದು. ಚಳಿಯಲ್ಲಿ, ಕತ್ತಲಲ್ಲಿ ಹೊರಗೆ ದುಡಿಯುವವರಾದರೆ ಈ ಮಾತು ನಿಮಗೇ. ಇವತ್ತೇ ಟಾರ್ಚನ್ನು ಒಳಗೆ ತನ್ನಿ. ಸೆಲ್ಲನ್ನು ಮೈಗೆ ಹತ್ತಿರ ಇಟ್ಟುಕೊಳ್ಳಿ. ನೀವು ಮನೆಯಲ್ಲಿ ಕಾಯುವವರಾದರೆ, ಅವರು ಹೊರಡುವಾಗ ಬಾಗಿಲಲ್ಲಿ ನಿಂತು ಒಂದು ಮಾತು ಕೇಳಿ: "ಸೆಲ್ ಒಳಜೇಬಲ್ಲಿದೆಯಾ?" ದಿನಾ ಕೇಳಿದರೆ ಅವರು ರೇಗಬಹುದು. ನಾನೂ ರೇಗುತ್ತೇನೆ. ರೇಗಿಕೊಂಡು ಹೋಗುತ್ತೇನೆ, ಸಂಜೆ ಮನೆಗೆ ಬಂದು ಮತ್ತೆ ರೇಗುತ್ತೇನೆ. ಕೇಳಿಸಿಕೊಂಡು ನನ್ನ ಹೆಂಡತಿ ನಗುತ್ತಾಳೆ.