ಸ್ಫಾಕ್ಸ್ ಸಮ್ಮೇಳನದಲ್ಲಿ ಜಲೀಲಾಗೊಂದು ಮೇಜು

ಗಫ್ಸಾ ಕಡೆಯ ಒಂದು ಆಸ್ಪತ್ರೆಯಲ್ಲಿ ಡಯಾಲಿಸಿಸ್ ಸರದಿ ಹಂಚುವ ಕಂಪ್ಯೂಟರ್ ವ್ಯವಸ್ಥೆಯನ್ನು ಹನ್ನೊಂದು ವರ್ಷಗಳಿಂದ ಜಲೀಲಾ ಒಬ್ಬಳೇ ನೋಡಿಕೊಳ್ಳುತ್ತಿದ್ದಳು. ಅದನ್ನು ಪರ್ಲ್ ಎಂಬ ಹಳೆಯ ಕಂಪ್ಯೂಟರ್ ಭಾಷೆಯಲ್ಲಿ ಬರೆಯಲಾಗಿತ್ತು. ಈಚೆಗೆ ಒಂದೇ ಹೊತ್ತಿಗೆ ಒಂದೇ ಯಂತ್ರಕ್ಕೆ ಇಬ್ಬರು ರೋಗಿಗಳ ಹೆಸರು ಬರತೊಡಗಿತು. ಕೇಳೋಣವೆಂದರೆ ಊರಲ್ಲಿ ಆ ಭಾಷೆ ಬಲ್ಲವರಿಲ್ಲ. ಹಾಗಾಗಿ ಬಾಡಿಗೆ ವ್ಯಾನು ಹತ್ತಿ ಸ್ಫಾಕ್ಸ್ ನಗರದ ಸಾಫ್ಟ್‌ವೇರ್ ಸಮ್ಮೇಳನಕ್ಕೆ ಬಂದಳು.

ಅಲ್ಲಿ ಒಂದೊಂದು ಕಂಪ್ಯೂಟರ್ ಭಾಷೆಯವರಿಗೆ ಒಂದೊಂದು ಮೇಜು. ಅವಳ ಕೊರಳಿಗೆ ಬಿದ್ದದ್ದು ‘ಇತರೆ’ ಎಂಬ ಚೀಟಿ. ಅಷ್ಟರಲ್ಲಿ ಸಂಘಟಕ ಝೂಹೇರ್ ವೇದಿಕೆಯಿಂದ, “ಪರ್ಲ್ ಬರೆಯೋರು ಯಾರಾದ್ರೂ ಇನ್ನೂ ಬದುಕಿದ್ದೀರೇನ್ರಪ್ಪಾ?” ಎಂದ. ಸಭೆ ಘೊಳ್ಳೆಂದಿತು. ಜಲೀಲಾಳೂ ನಕ್ಕಳು. ನಗದಿದ್ದರೆ ಗುರುತು ಹಿಡಿಯುತ್ತಾರಲ್ಲ!

ಊಟದ ಹೊತ್ತಿಗೆ ಹೊರಗಿನ ಮೆಟ್ಟಿಲ ಮೇಲೆ ಕೂತು, ಹರೀಸಾ ಖಾರ ಸವರಿದ ರೊಟ್ಟಿ ತಿನ್ನುತ್ತಿದ್ದಳು. ಮುಂದಿನ ವ್ಯಾನಿಗೇ ಹೊರಡುವುದೆಂದು ಚೀಲ ಕಟ್ಟಿಯಾಗಿತ್ತು. ಬೆಳಿಗ್ಗೆ ಬಾಗಿಲಲ್ಲಿ ಬಂದವರ ಹೆಸರು ಬರೆದುಕೊಂಡಿದ್ದ ಸ್ವಯಂಸೇವಕಿ ಫಾತಿನ್ ಬಂದಳು.

“ಅಕ್ಕಾ, ಇಲ್ಯಾಕೆ ಒಬ್ರೇ?”

“ಒಳಗೆ ಯಾರ ಮೇಜಿಗೆ ಹೋಗ್ಲಿ ತಂಗಿ? ಹೋದಲ್ಲೆಲ್ಲ ‘ಅದನ್ನ ಬಿಟ್ಟು ನಮ್ಮದನ್ನ ಕಲೀರಿ’ ಅಂತಾರೆ. ನನ್ನ ತೊಂದರೆ ಏನು ಅಂತ ಒಬ್ರೂ ಕೇಳಲಿಲ್ಲ.”

ಫಾತಿನ್ ಕೇಳಿದಳು. ಪೂರ್ತಿ ಕೇಳಿ, ಸೀದಾ ಝೂಹೇರ್ ಬಳಿ ಹೋದಳು.

“ಒಬ್ಬಳಿಗೋಸ್ಕರ ಒಂದು ಮೇಜಾ? ಜಾಗ ಎಲ್ಲಿದೆಯಮ್ಮಾ?” ಎಂದ ಅವನು.

“ಒಬ್ರೇ ಬಂದಿದಾರೆ ಅಂದ್ರೆ, ಉಳಿದೋರನ್ನ ನಾವೇ ಆಡಿಕೊಂಡು ಓಡ್ಸಿದೀವಿ ಅಂತ ಅರ್ಥ ಅಣ್ಣಾ. ಅವರ ಡಯಾಲಿಸಿಸ್ ಪಟ್ಟಿ ನಂಬ್ಕೊಂಡು ಅರವತ್ತು ಜನ ಬದುಕಿದಾರೆ. ನಿಮ್ಮ ತಮಾಷೆಗೆ ಆ ಜನ ನಗ್ತಾರಾ?”

ಝೂಹೇರ್ ಕಾಫಿ ಲೋಟಗಳಿದ್ದ ಮೇಜನ್ನು ತಾನೇ ಖಾಲಿ ಮಾಡಿ ಎಳೆದು ತಂದ. ಹೊರಗೆ ಹೋಗಿ ಜಲೀಲಾಳನ್ನು ಕರೆತಂದು, “ತಪ್ಪಾಯ್ತು ಅಕ್ಕಾ,” ಎಂದ. ಮೈಕಿನಲ್ಲೂ ಅದನ್ನೇ ಹೇಳಿದ.

ಆದರೂ ಒಂದೂವರೆ ಗಂಟೆ ಆ ಮೇಜಿನತ್ತ ಯಾರೂ ಸುಳಿಯಲಿಲ್ಲ. ಜಲೀಲಾ ಗೋಡೆ ನೋಡುತ್ತ ಕೂತಳು. ಕೊನೆಗೆ ರೈಲ್ವೆ ಕಚೇರಿಯ ನೌಕರ, ನರೆಗೂದಲಿನ ತೈಯಿಬ್ ಬಂದು ಕುರ್ಚಿಯ ಅಂಚಿನಲ್ಲಿ ಕೂತ.

“ನಾನೂ ಪರ್ಲೇ ಬರೆಯೋದು ಮಗಳೇ. ಆರು ವರ್ಷದಿಂದ ಇಲ್ಲಿಗೆ ಬರ್ತಿದೀನಿ. ಯಾರಿಗೂ ಹೇಳಿರಲಿಲ್ಲ.”

ಸಂಜೆಯೊಳಗೆ ಜಲೀಲಾ ತಂದಿದ್ದ ಲ್ಯಾಪ್‌ಟಾಪಿನಲ್ಲಿ ಇಬ್ಬರೂ ಸೇರಿ ದೋಷ ಹುಡುಕಿ ಸರಿಪಡಿಸಿದರು. ಕೆಲಸ ಮುಗಿದರೂ ಜಲೀಲಾ ಏಳಲಿಲ್ಲ. ಹನ್ನೊಂದು ವರ್ಷ ಯಾರೊಂದಿಗೂ ಆಡಲಾಗದ ಮಾತುಗಳಿದ್ದವು.

ಸಭೆ ನಡೆಸುವವರೇ, ಸಭೆಗೆ ಬರುವವರೇ, ಯಾರ ಕೆಲಸದ ಭಾಷೆಯನ್ನೂ ಹಂಗಿಸಬೇಡಿ. ಒಬ್ಬರೇ ಬಂದರೂ ಅವರಿಗೆ ಜಾಗ ಕೊಡಿ. ಒಂಟಿಯಾಗಿ ಕೂತವರು ಕಂಡರೆ ಬುದ್ಧಿ ಹೇಳುವ ಮೊದಲು ಪಕ್ಕದಲ್ಲಿ ಕೂತು, ‘ನೀವೇನು ಮಾಡ್ತಿದೀರಿ?’ ಎಂದು ಕೇಳಿ. ಅವರು ಎದ್ದು ಹೋಗುವ ಮುಂಚೆಯೇ ಕೇಳಿ.