ಬಿಸಿಲಲ್ಲಿ ನಡೆದ ದೆವ್ವ

"ಮಟಮಟ ಮಧ್ಯಾಹ್ನ ಓಡಾಡೋ ದೆವ್ವಾನ ಇದೇ ಮೊದಲು ನೋಡ್ತಿರೋದು ಅತ್ತೆ" ಎಂದು ಭಾವ ಸೋಫಾದಲ್ಲಿ ಹಿಂದಕ್ಕೆ ಒರಗಿ ನಕ್ಕರು.

ಟಿವಿಯಲ್ಲಿ ದೆವ್ವ ಸ್ಮಶಾನದ ಗೋಡೆ ಹತ್ತಿ ಈಚೆಗೆ ಇಳಿಯುತ್ತಿತ್ತು. ಕಣ್ಣು ಕುಕ್ಕುವ ಬಿಸಿಲು. ದೆವ್ವದ ಜೊತೆಗೆ ಅದರ ನೆರಳೂ ಗೋಡೆ ಇಳಿಯಿತು. ಮುಖಕ್ಕೆ ಬಳಿದ ಬಿಳಿ ಬಣ್ಣ ಕತ್ತಿನ ಹತ್ತಿರ ನಿಂತುಹೋದದ್ದು ಕೂಡ ಕಾಣುತ್ತಿತ್ತು. ಪಾಪ, ಅದಕ್ಕೆ ಸೆಕೆ ಆಗ್ತಿರಬೇಕು ಎಂದಳು ಅಕ್ಕನ ಮಗಳು. ಅಕ್ಕ ಬಾಯಿಗೆ ಕೈ ಅಡ್ಡ ಹಿಡಿದಳು.

ಮನೆಯ ಮಗ, ಬಟ್ಟೆಗೆ ಬಣ್ಣ ಅದ್ದುವ ಬಣ್ಣಗಾರ, ನಗಲಿಲ್ಲ. ಅಮ್ಮನ ಮುಖ ನೋಡಿದ. ಅದು ಇಷ್ಟಿಷ್ಟೇ ಇಳಿಯುತ್ತಿತ್ತು.

"ನಿಲ್ಸು" ಎಂದಳು ಅಮ್ಮ.

ಈ ಚಿತ್ರದ ಕಥೆ ಕೇಳಿಕೊಂಡೇ ಅವನೂ ಅಕ್ಕನೂ ಬೆಳೆದದ್ದು. ಕಥೆ ಎಂದರೆ ಅದರೊಳಗಿನ ಕಥೆಯಲ್ಲ, ಅದು ಅಮ್ಮನಿಗೂ ಗೊತ್ತಿರಲಿಲ್ಲ. ಮಾತಿಲ್ಲದ ಚಿತ್ರಗಳ ಕಾಲದಲ್ಲಿ, ಹದಿನಾರನೆಯ ವಯಸ್ಸಿಗೆ, ಅವಳು ಫಿಲಂ ತೊಳೆಯುವ ಕಾರ್ಖಾನೆಗೆ ಬಣ್ಣದ ಕೆಲಸಕ್ಕೆ ಸೇರಿದ್ದಳು. ಆಗಿನ ಫಿಲಮ್ಮಿನಲ್ಲಿ ಕತ್ತಲಲ್ಲಿ ತೆಗೆದದ್ದು ಮೂಡುತ್ತಿರಲಿಲ್ಲ. ಅದಕ್ಕೇ ರಾತ್ರಿಯ ದೃಶ್ಯವನ್ನು ಬಿಸಿಲಲ್ಲಿ ತೆಗೆದು, ಆಮೇಲೆ ಆ ಫಿಲಮ್ಮನ್ನು ನೀಲಿ ನೀರಿನ ತೊಟ್ಟಿಯಲ್ಲಿ ಅದ್ದುತ್ತಿದ್ದರು. ಅದ್ದಿ ಎತ್ತಿದರೆ ರಾತ್ರಿ. ನೂರಾ ಇಪ್ಪತ್ತು ಎಣಿಸಿ ಎತ್ತಬೇಕು. ಹತ್ತು ಹೆಚ್ಚಾದರೆ ಕಪ್ಪಿಡುತ್ತದೆ, ಹತ್ತು ಕಮ್ಮಿಯಾದರೆ ಸಂಜೆಯಾಗುತ್ತದೆ, ಎರಡಕ್ಕೂ ಮೇಸ್ತ್ರಿಯ ಬೈಗುಳ ತಪ್ಪಿದ್ದಲ್ಲ. ಹದಿನಾಲ್ಕು ಜನ ಹುಡುಗಿಯರು ಮೂರು ತಿಂಗಳು ನಿಂತ ಕಾಲ ಮೇಲೆ ನಿಂತು ಒಂದು ದೆವ್ವಕ್ಕೆ ರಾತ್ರಿ ಮಾಡಿಕೊಟ್ಟಿದ್ದರು. ಚಿತ್ರ ತೆರೆಗೆ ಬಂದಾಗ ಪಾಸು ಕೊಡುತ್ತೇವೆ ಅಂದವರು, ಕೊಟ್ಟದ್ದು ಮೇಸ್ತ್ರಿಗಳ ಮನೆಯವರಿಗೆ. ಆಮೇಲೆ ಚಿತ್ರವೇ ಕಳೆದುಹೋಯಿತು ಎಂದು ಸುದ್ದಿ. ಅರವತ್ತು ವರ್ಷದ ಮೇಲೆ, ಹೋದ ವಾರ, ಕ್ಯಾಸೆಟ್ ಅಂಗಡಿಯಲ್ಲಿ ಆ ಹೆಸರು ಕಂಡಾಗ ಬಣ್ಣಗಾರ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಮನೆಗೆ ಬಂದಿದ್ದ. ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು: ಮೂಲದಲ್ಲಿ ಇದ್ದಂತೆಯೇ.

ಈಗ ಮೂಲ ಎಲ್ಲಿದೆ? ನೀಲಿಯ ಒಂದು ಹನಿಯೂ ಇಲ್ಲ.

ಅಕ್ಕನ ಮನೆಯವರು ಹೋದ ಮೇಲೆ ಅಮ್ಮ ಪಾತ್ರೆ ತೊಳೆಯುತ್ತ, ಅವನ ಕಡೆ ತಿರುಗದೆ ಹೇಳಿದಳು. "ನಂಗೇ ಎಲ್ಲೋ ಕಲಸಿಹೋಗಿರಬೇಕು ಬಿಡು. ಅದ್ದಿದ್ದು ಬೇರೆ ಯಾವುದೋ ಚಿತ್ರ ಇದ್ದೀತು."

ಬಣ್ಣಗಾರನಿಗೆ ಮೂಗಿನ ತುದಿಯಲ್ಲೇ ಕೋಪ ಎಂದು ಕೇರಿಗೆಲ್ಲ ಗೊತ್ತು. ಆದರೆ ಇದು ಆ ಕೋಪವಲ್ಲ. ಅರವತ್ತು ವರ್ಷ ಒಂದೇ ಮಾತು ಆಡಿದ ಬಾಯಿ, ಯಾರೋ ಮಾಡಿದ ಹೊಲಸು ಕೆಲಸಕ್ಕೆ ತನ್ನನ್ನೇ ಸುಳ್ಳು ಅನ್ನುತ್ತಿದೆಯಲ್ಲ. ಮಾರನೆಯ ದಿನ ಬಣ್ಣದ ಒಲೆಗಳನ್ನು ಆರಿಸಿ, ಅಮ್ಮನನ್ನು ಕರೆದುಕೊಂಡು ಕ್ಯಾಸೆಟ್ ಕಂಪನಿಯ ಕಚೇರಿಗೆ ಹೋದ.

ಅಲ್ಲಿ ಹಳೆಯ ಚಿತ್ರಗಳ ವಿಭಾಗಕ್ಕೆ ಒಬ್ಬ ಅಧಿಕಾರಿಯಿದ್ದ. ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದ ಮಾತು. ಆ ಕಾಲದಲ್ಲಿ ಬಣ್ಣ ಎಲ್ಲಿತ್ತು ಎಂದ. ಬಣ್ಣಗಾರ ತೊಟ್ಟಿಯಿಂದ ಹಿಡಿದು ಎಲ್ಲ ವಿವರಿಸಿದ. ನಮಗೆ ಸಿಕ್ಕಿದ ಪ್ರತಿ ಕಪ್ಪು ಬಿಳುಪಿನದು, ನಮಗೆ ಅದೇ ಮೂಲ ಎಂದ ಅಧಿಕಾರಿ. ಅದು ನಕಲಿನ ನಕಲು, ಬಣ್ಣ ಬಿಟ್ಟು ತೆಗೆದದ್ದು ಎಂದು ಬಣ್ಣಗಾರ ಮೇಜು ಕುಟ್ಟಿದ. ಹಾಗಾದರೆ ಅಜ್ಜಿ ಅಲ್ಲಿ ಕೆಲಸ ಮಾಡಿದ್ದಕ್ಕೆ ಏನಾದರೂ ದಾಖಲೆ ಇದೆಯೇ ಎಂದು ಅಧಿಕಾರಿ ಕೇಳಿದ.

ಅಮ್ಮ ಮುಂದಕ್ಕೆ ಬಾಗಿದಳು.

"ಒಂದು ಮಾತು ಕೇಳ್ತೀನಪ್ಪ. ದೆವ್ವ ಗೋಡೆ ಇಳಿಯೋ ಮುಂಚೆ ಕಾವಲುಗಾರ ಬರ್ತಾನಲ್ಲ, ಅಂಥ ಬಿಸಿಲಲ್ಲಿ ಅವನು ಲಾಟೀನು ಯಾಕೆ ಹಿಡ್ಕೊಂಡಿರ್ತಾನೆ?"

ಅಧಿಕಾರಿ ಮಗುವಿಗೆ ಹೇಳುವಂತೆ ನಕ್ಕ.

"ಆಗಿನವರು ಮುಗ್ಧರು ಅಜ್ಜಿ. ಅಷ್ಟೆಲ್ಲ ಯೋಚನೆ ಮಾಡ್ತಿರಲಿಲ್ಲ."

ಬಣ್ಣಗಾರ ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು.

"ಮುಗ್ಧರಂತೆ. ಲಾಟೀನು ಕಂಡ ಮೇಲೂ ಅದು ರಾತ್ರಿ ಅಂತ ಗೊತ್ತಾಗದೋನು ನೀನು, ಮುಗ್ಧರು ಅವರು. ಹದಿನಾಲ್ಕು ಜನ ಹೆಣ್ಣುಮಕ್ಕಳ ಕೆಲಸಾನ ಒರೆಸಿ ಹಾಕಿ, ಇದ್ದಂತೆಯೇ ಅಂತ ಅಚ್ಚು ಹಾಕ್ಸಿದ್ದೀಯಲ್ಲ, ಅನ್ನ ತಿನ್ನೋ ಬಾಯಲ್ಲಿ ಆಡೋ ಮಾತೇನಯ್ಯ ಅದು?"

ಪಕ್ಕದ ಕೋಣೆಯವರೆಲ್ಲ ಬಾಗಿಲಿಗೆ ಬಂದು ನಿಂತರು. ಅಧಿಕಾರಿ ಕೆಂಪಗಾಗಿ, ದೂರು ಇದ್ದರೆ ಬರೆದುಕೊಡಿ, ಮೇಲಕ್ಕೆ ಕಳಿಸುತ್ತೇವೆ ಎಂದ. ಬರೆದುಕೊಟ್ಟ ಕಾಗದ ಯಾವ ಮೇಲಕ್ಕೆ ಹೋಗುತ್ತದೆ ಎಂಬುದು ಬಣ್ಣಗಾರನಿಗೆ ತಿಳಿಯದ್ದೇನಲ್ಲ. ಆದರೂ ಬರೆದ. ಪೆನ್ನಿನ ಮೊನೆ ಕಾಗದ ಹರಿಯುವಷ್ಟು ಒತ್ತಿ ಬರೆದ.

ಬಸ್ಸಿನಲ್ಲಿ ಅವನ ಗೊಣಗಾಟ ನಿಲ್ಲಲೇ ಇಲ್ಲ. ನಾಲ್ಕು ಸ್ಟಾಪು ಕೇಳಿಸಿಕೊಂಡು ಅಮ್ಮ ಅವನ ಮೊಣಕಾಲಿಗೆ ತಟ್ಟಿದಳು.

"ಕೂಗಾಡಿದ್ರೆ ಬಣ್ಣ ಹತ್ತತ್ತೇನೋ? ನೀನು ಬಣ್ಣ ಹಾಕೋನೋ, ಅಲ್ವೋ?"

ಮುಂದಿನ ಸ್ಟಾಪಿನಲ್ಲೇ ಇಬ್ಬರೂ ಇಳಿದು, ಟಿವಿಗೆ ಅಡ್ಡ ಹಿಡಿಯಲು ಅದರ ಅಳತೆಗೆ ಗಾಜು ಕತ್ತರಿಸಿಕೊಂಡು ಬಂದರು.

ಗಾಜಿಗೆ ಬಣ್ಣ ಹಿಡಿಯುವುದಿಲ್ಲ. ಫಿಲಮ್ಮಿನ ಒಂದು ಮೈಗೆ ಸರೇಸಿನಂಥ ಅಂಟು ಇರುತ್ತಿತ್ತು, ಬಣ್ಣ ಕೂರುತ್ತಿದ್ದದ್ದು ಅದರ ಮೇಲೆ ಎಂದಳು ಅಮ್ಮ. ಸರೇಸು ಕಾಯಿಸಿ, ಸೋಸಿ, ಗಾಜಿನ ಮೇಲೆ ತೆಳ್ಳಗೆ ಹರಡಿ ಒಣಗಿಸಿದರು. ಮೊದಲನೆಯ ಗಾಜನ್ನು ಅದ್ದಿ ಎತ್ತಿದಾಗ ಅಮ್ಮ ಬೆಳಕಿಗೆ ಹಿಡಿದು ನೋಡಿ, ಇದು ಬಟ್ಟೆಯ ನೀಲಿ, ಇದರಲ್ಲಿ ಯಾರೂ ಹೆದರುವುದಿಲ್ಲ ಎಂದು ಪಕ್ಕಕ್ಕಿಟ್ಟಳು. ಎರಡನೆಯದರಲ್ಲಿ ಅಂಟು ಗುಳ್ಳೆಯೆದ್ದಿತು. ಇಪ್ಪತ್ತೈದು ವರ್ಷದಿಂದ ಬಣ್ಣ ಕಲಸಿದವನಿಗೆ ಅಮ್ಮ ಹೊಸಬನಿಗೆ ಬೈದ ಹಾಗೆ ಬೈದಳು. ಮೂರನೆಯದನ್ನು ತೊಟ್ಟಿಗೆ ಇಳಿಸಿ ತಾನೇ ಎಣಿಸಿದಳು. ನೂರಾ ಹತ್ತರ ಆಚೆ ಅವಳ ದನಿ ಸಣ್ಣದಾಯಿತು.

ಭಾನುವಾರ ಮಧ್ಯಾಹ್ನ ಪರದೆಗಳನ್ನೆಲ್ಲ ಎಳೆದರು. ಭಾವ ಬರುವಾಗಲೇ, ಇವತ್ತು ದೆವ್ವಕ್ಕೆ ಕೊಡೆ ಕೊಟ್ಟಿದ್ದೀರೋ ಇಲ್ಲವೋ ಎಂದು ಕೇಳಿಕೊಂಡು ಬಂದರು. ಬಣ್ಣಗಾರ ಉತ್ತರ ಕೊಟ್ಟಿದ್ದರೆ ಅಕ್ಕನ ಸಂಸಾರಕ್ಕೆ ಒಳ್ಳೆಯದಾಗುತ್ತಿರಲಿಲ್ಲ. ಗಾಜು ಹಿಡಿದು ಟಿವಿಯ ಪಕ್ಕಕ್ಕೆ ನಿಂತ.

ಮನೆಯೊಳಗಿನ ದೃಶ್ಯ, ತೋಟದ ದೃಶ್ಯ, ಮದುವೆಯ ಮಾತು. ಹೋದ ಸಲ ರಾತ್ರಿಯನ್ನೇ ಕಾಯುತ್ತ ಕೂತಿದ್ದ ಅಮ್ಮನಿಗೆ ಇವೆಲ್ಲ ಹೊಸದು. ಈ ಹುಡುಗಿ ಯಾರೇ ಎಂದು ಅಕ್ಕನನ್ನು ಕೇಳಿದಳು. ಕಾವಲುಗಾರ ಲಾಟೀನು ಎತ್ತಿಕೊಂಡು ಬಾಗಿಲು ತೆರೆದ.

"ಇಡು" ಎಂದಳು ಅಮ್ಮ.

ಬಣ್ಣಗಾರ ಗಾಜನ್ನು ತೆರೆಗೆ ಅಡ್ಡ ಹಿಡಿದ. ಅವನು ನಿಂತ ಕಡೆಯಿಂದ ಚಿತ್ರ ಕಾಣುತ್ತಿರಲಿಲ್ಲ. ಎದುರಿಗೆ ಕೂತವರ ಮುಖಗಳು ಮಾತ್ರ ಕಾಣುತ್ತಿದ್ದವು, ಒಂದೊಂದೂ ನೀಲಿ. ಗಾಜು ಭಾರವಾಗಿತ್ತು. ಟೇಪು ಸುತ್ತುವ ಸದ್ದು ಕೇಳುತ್ತಿತ್ತು. ಅಕ್ಕನ ಮಗಳು ತಾಯಿಯ ತೋಳು ಹಿಡಿದಳು. ಅಮ್ಮ ಯಾರನ್ನೂ ನೋಡುತ್ತಿರಲಿಲ್ಲ. ಅವಳ ಬಾಯಿ ಸ್ವಲ್ಪ ತೆರೆದಿತ್ತು.

ಭಾವ ನೆಲದ ಮೇಲಿದ್ದ ಎರಡೂ ಕಾಲುಗಳನ್ನು ಮೆಲ್ಲಗೆ ಸೋಫಾದ ಮೇಲಕ್ಕೆ ಎಳೆದುಕೊಂಡರು.