ಒಳಕೋಣೆಗೆ ಕೇಳುವಷ್ಟು

"ಬೆನ್ನ ಹಿಂದ ಹಿಡಿ ಕೋಮಲಾ, ಜಾರಾಕತ್ತಾಳ," ಎಂದಳು ಓಣಿಯ ಹಿರಿಯಾಕೆ.

ಕೋಮಲ ಅತ್ತೆಯ ಎರಡೂ ಭುಜ ಹಿಡಿದು ಗೋಡೆಗೆ ಒರಗಿಸಿದಳು. ಮೈ ಬಿಗಿಯುವುದರೊಳಗೆ ಕೆಂಚವ್ವನನ್ನು ಕಾಲು ಮಡಚಿ ಕೂರಿಸಬೇಕಿತ್ತು. ಕೂತೇ ಮಣ್ಣಿಗೆ ಹೋಗುವುದು ಇವರ ಪದ್ಧತಿ. ಮುಂಜಾನೆ ರೊಟ್ಟಿ ಬಡಿಯುತ್ತಿದ್ದವಳು ಹಾಗೇ ವಾಲಿದ್ದಳು. ಚಿಕ್ಕೋಡಿಯ ದವಾಖಾನೆ ಮುಟ್ಟುವ ಮೊದಲೇ ಉಸಿರು ನಿಂತಿತ್ತು.

"ಶುಗರ್ ಇಲ್ಲ, ಬಿಪಿ ಇಲ್ಲ. ಒಂದ ಗುಳಿಗಿ ನುಂಗಿದಾಕಿ ಅಲ್ಲ," ಎಂದಳು ಪಕ್ಕದ ಮನೆಯ ಜಿನಮತಿ.

"ಹನ್ನೊಂದ ವರ್ಷ ಗಂಡನ್ನ ಕೂಸಿನಂಗ ನೋಡ್ಯಾಳ. ಪುಣ್ಯವಂತಿ, ಮುತ್ತೈದಿಯಾಗಿ ಹ್ವಾದ್ಲು," ಎಂದಳು ಹಿರಿಯಾಕೆ.

"ಇನ್ನ ವಿರುಪಾಕ್ಷಪ್ಪನ್ನ ಯಾರ ನೋಡ್ತಾರ?"

"ಯಾಕ, ಸೊಸಿ ಇಲ್ಲೇನು? ಅತ್ತಿಗಿಂತ ಗಟ್ಟಿ ಅದಾಳ."

ಎಲ್ಲರೂ ಕೋಮಲಳ ಕಡೆ ನೋಡಿದರು. ಅವಳು ಅತ್ತೆಯ ಹಸಿರು ಸೀರೆಯ ನೆರಿಗೆ ಸರಿಪಡಿಸುತ್ತಾ ಕೂತಳು.

*

ಹೋದ ದೀಪಾವಳಿಯ ಮೇಲೆ ಆಶಾ ಕಾರ್ಯಕರ್ತೆ ಶುಭಾಂಗಿ ಫಾರಂ ಹಿಡಿದು ಬಂದಿದ್ದಳು. ರೋಗ ಇಲ್ಲದಿದ್ದರಷ್ಟೇ ಆರೋಗ್ಯವಲ್ಲ, ಮನಸ್ಸೂ ನೆಟ್ಟಗಿರಬೇಕು, ಅದಕ್ಕೇ ಈ ಪ್ರಶ್ನೆಗಳು ಎಂದಳು.

"ಕಾಕಿ, ಒತ್ತಡ ಐತೇನ್ರಿ?"

"ಹಂಗಂದ್ರೇನ ಬೇ?"

"ಹೊತ್ತ ಭಾರ ನಮ್ಮ ತಾಕತ್ತ ಮೀರೂದ್ರಿ."

"ಮೀರಿದ್ರ ಕೆಳಗ ಬಿಡ್ತಿದ್ನಿ. ಬಿಟ್ಟಿಲ್ಲಲ್ಲ? ಇಲ್ಲಂತ ಬರಿ."

"ಎದಿ ಡವಡವ ಅಂತೈತೇನ್ರಿ? ಜೀವನಾ ಬ್ಯಾಡ ಅನಸ್ತೈತೇನು?"

"ಬ್ಯಾಡ ಅನ್ನಾಕ ಪುರಸೊತ್ತ ಎಲ್ಲೈತಿ?"

ಶುಭಾಂಗಿ ನಕ್ಕು, ಎಲ್ಲದರ ಮುಂದೆಯೂ 'ಇಲ್ಲ' ಎಂದು ಬರೆದಳು. ಕೋಮಲ ನಗಲಿಲ್ಲ. ಎಮ್ಮೆ ಹಿಂಡುವಾಗ ಅತ್ತೆ ಎದೆ ಒತ್ತಿ ಹಿಡಿದು ಕಂಬಕ್ಕೆ ಹಣೆ ಹಚ್ಚಿ ನಿಲ್ಲುವುದನ್ನು ಅವಳು ಎಷ್ಟೋ ಸಲ ಕಂಡಿದ್ದಳು. ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಅವಳ ತೊಡೆ ಚಿವುಟಿ, ಕಣ್ಣಲ್ಲೇ ಒಳಕೋಣೆ ತೋರಿಸಿದ್ದಳು. ಅಲ್ಲಿ ಮಾವ ಮಲಗಿದ್ದ. ಲಕ್ವ ಹೊಡೆದು ಕೈಕಾಲು ಬಿದ್ದಿದ್ದರೂ ಕಿವಿ ಚುರುಕಾಗಿತ್ತು.

"ನಾ ಆರಾಮ ಅದೀನಿ," ಎಂದು ಕೆಂಚವ್ವ ಒಳಕೋಣೆಗೆ ಕೇಳುವಷ್ಟು ದೊಡ್ಡದಾಗಿ ಹೇಳಿದ್ದಳು.

*

ಭಜನೆಯವರು ಮುಂದಾದರು. ಕೋಮಲಳ ಗಂಡ ಮಲ್ಲೇಶ ತಾಯಿಗೆ ಹೆಗಲು ಕೊಟ್ಟ. ಕಬ್ಬಿನ ಹೊಲದ ದಾರಿಯಲ್ಲಿ ತಾಳದ ಸದ್ದು ದೂರವಾಯಿತು. ಮನೆ ಸಾರಿಸಲು, ಮಾವನನ್ನು ನೋಡಿಕೊಳ್ಳಲು ಕೋಮಲ ಉಳಿದಳು. ಶುಭಾಂಗಿಯೂ ಹೋಗಲಿಲ್ಲ.

"ನಾನೇ ತಪ್ಪ ಮಾಡೀನಿ," ಎಂದಳು ಶುಭಾಂಗಿ. "ಮನಿ ಮಂದಿ ಮುಂದ ಕೂಡಿಸಿ ಕೇಳಬಾರದಿತ್ತು. ಅವತ್ತ ಕಾಕಿನ್ನ ಹಿತ್ತಲಕ್ಕ ಕರಕೊಂಡ ಹೋಗಿದ್ರ ಹೇಳ್ತಿದ್ಲೋ ಏನೋ."

ಕೋಮಲ ಬಕೆಟ್ ಕೆಳಗಿಟ್ಟಳು.

"ನನಗ ಗೊತ್ತಿತ್ರಿ ಅಕ್ಕಾ. ನಾನೂ ಹೇಳಲಿಲ್ಲ."

ಒಳಗೆ ಮಂಚ ಕಿರ್ರೆಂದಿತು.

"ಕೆಂಚೀ," ಎಂದು ವಿರುಪಾಕ್ಷಪ್ಪ ಕರೆದ. ಆಮೇಲೆ ಏನೋ ನೆನಪಾದವನಂತೆ ತಡೆದು, "ಕೋಮಲಾ, ನೀರ ತಾರವ್ವಾ," ಎಂದ.

"ತರ್ತೀನ್ರಿ ಮಾವಾ."

ಶುಭಾಂಗಿ ಅವಳ ಮುಖ ನೋಡಿದಳು.

"ನೀ ಹೆಂಗದಿ ಕೋಮಲಾ? ಖರೇ ಹೇಳು."

ಕೋಮಲ ಒಳಕೋಣೆಯ ಬಾಗಿಲ ಕಡೆ ನೋಡಿದಳು. ಅಲ್ಲಿ ಮಂಚದ ಸದ್ದು ನಿಂತಿತ್ತು. ಮುದುಕ ಉಸಿರು ಬಿಗಿಹಿಡಿದು ಕೇಳುತ್ತಿದ್ದಂತಿತ್ತು.

"ನಂದೇನ್ರಿ ಅಕ್ಕಾ, ಆರಾಮ ಅದೀನಿ," ಎಂದಳು, ದೊಡ್ಡದಾಗಿ.

ಹಾಗೆನ್ನುತ್ತಲೇ ಶುಭಾಂಗಿಯ ಮಣಿಕಟ್ಟು ಹಿಡಿದಳು. ಗಾಜಿನ ಬಳೆಯೊಂದು ಒಡೆದು ಚೂರು ನೆಲಕ್ಕೆ ಬಿತ್ತು. ಹಿಡಿತ ಸಡಿಲಾಗಲಿಲ್ಲ.